ತಿಂಥಣಿಯ ಜಾತ್ರೆಯಲ್ಲಿ ಕೂಡು ಖರೀದಿ

ಸುರಪುರದಿಂದ ದೇವದುರ್ಗಕ್ಕೆ ಹೋಗುವ ಹಾದಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ ತಿಂಥಣಿಯು ಇರುವದು. ಇಲ್ಲಿಯ ಮೌನೇಶ್ವರನಿಗೆ ಹಿಂದೂಗಳಂತೆ ಮುಸಲ್ಮಾನರೂ ನಡೆದುಕೊಳ್ಳುವರು. ಜಾತ್ರೆಯ ದಿನ ದರ್ಶನ ತೀರಿಸಿಕೊಂಡು ನಾವು ಆರು ಮನೆಯವರು ಅಂಗಡಿಸಾಲಿಗೆ ಬಂದೆವು.

ಕೂಡಿ ಕೊಂಡರೆ ಅಗ್ಗವೆಂದು ಇಡಿಯ ಬೆಲ್ಲದ ಪೆಂಟಿಯೊಂದನ್ನು ಕೊಂಡದ್ದಾಯಿತು. ವರ್ತಕನು ದರ ಇಳಿಸಿದನು. ಏಕೆ ಇಳಿಸಬಾರದು? ಒಡೆಯುವ ದುಡಿತ, ಆರು ಸಲ ತೂಗುವ ಬೇಸರ, ಉದುರುವ ಪುಡಿಯ ನಷ್ಟ, ಎಲ್ಲವೂ ಅವನ ತಲೆಯಿಂದಿಳಿದು ನಮ್ಮ ತಲೆಗೇರಿದ್ದವು! ಪ್ರಿಯ ವಾಚಕರೇ, ಸಗಟಿನ ಅಗ್ಗವೆಂಬುದು ಬಹುಮಟ್ಟಿಗೆ ಇದೇ.

ಬಿಡಾರದಲ್ಲಿ ಹಂಚಿಕೆಗೆ ಕುಳಿತಾಗ ತೊಡಕು ಹುಟ್ಟಿತು. ಮುಂಗಡ ಹಣ ತೆತ್ತು ಪೆಂಟಿಯನ್ನು ಹೊರಿಸಿ ತಂದ ಹಿರಿಯರು ಅಂಗಡಿಯ ದರಕ್ಕಿಂತ ತುಸು ಹೆಚ್ಚು ಹಿಡಿದರು. ಆಗ ಒಬ್ಬ ತಾಯಿಯು, "ಅಣ್ಣಾರ, ಕೂಲಿ ತಗೋರಿ, ಬ್ಯಾಡನ್ನೂದಿಲ್ಲ, ಬೆಲ್ಲದ ದರದಾಗ ಅದನ್ನ ಮುಚ್ಚಿಡಬ್ಯಾಡ್ರಿ" ಎಂದಳು. ನಮಗೂ ಅದೇ ನ್ಯಾಯವೆನಿಸಿತು. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 1844ರಲ್ಲಿ ನೇಕಾರರೇ ಮೊದಲಾದ ದುಡಿಯುವ ಜನರು ಕೂಡಿ ಅಂಗಡಿ ತೆರೆದರಷ್ಟೆ. ಅವರು ಪೇಟೆಯ ದರಕ್ಕೇ ಮಾರಿ, ಖರ್ಚು ಕಳೆದು ಉಳಿದ ಲಾಭವನ್ನು ಯಾರು ಎಷ್ಟು ಕೊಂಡರೋ ಅದಕ್ಕೆ ತಕ್ಕಂತೆ ಮರಳಿಸುತ್ತಿದ್ದರು. ಲೆಕ್ಕವನ್ನು ಸದಸ್ಯರ ಮುಂದಿಡುತ್ತಿದ್ದರು.

ಹಿರಿಯರು ನಕ್ಕು ಚೀಟಿ ಬರೆದರು: ಕೊಂಡ ಕ್ರಯ ಒಂದು ಸಾಲು, ಹಮಾಲಿ ಒಂದು ಸಾಲು, ತಮ್ಮ ದುಡಿತ ಒಂದು ಸಾಲು. ಮೂರನ್ನೂ ಅವರವರ ತೂಕಕ್ಕೆ ತಕ್ಕಂತೆ ಹಂಚಿದೆವು. ಪುಡಿಯು ಮಾತ್ರ ಯಾರ ಪಾಲಿಗೂ ಹತ್ತಲಿಲ್ಲ; ಪಾನಕ ಮಾಡಿ ಮಕ್ಕಳಿಗೆ ಕೊಟ್ಟೆವು.