‘ಇದು’ ಎಂದರೆ ಯಾವುದು?

ಮೈಸೂರಿನಲ್ಲಿ ನವರಾತ್ರಿಯು ಬಂದಿತೆಂದರೆ ಊರಿನ ಕ್ಯಾಮರಾಗಳೆಲ್ಲವೂ ಬೀದಿಗೆ ಮುಖಮಾಡಿ ನಿಲ್ಲುತ್ತವೆ. ಸಯ್ಯಾಜಿರಾವ್ ರಸ್ತೆಯ ಮಹಡಿಗಳ ಮೇಲಿಂದ ಜಂಬೂ ಸವಾರಿಯ ಚಿತ್ರವನ್ನು ತೆಗೆಯಲು ಬಂದವರ ಕೊರಳಿನಲ್ಲಿ ಮೊಳದುದ್ದದ ಮಸೂರಗಳು ತೂಗಾಡುತ್ತಿರುತ್ತವೆ. ದೂರದ ಅಂಬಾರಿಯನ್ನು ಹತ್ತಿರಕ್ಕೆ ತರುವುದು ಅವರ ಕಷ್ಟ. ನನ್ನ ಕಷ್ಟವು ಇದಕ್ಕೆ ತೀರ ವಿರುದ್ಧವಾದುದು. ನನಗೆ ಬೇಕಾದುದೆಲ್ಲವೂ ನನ್ನ ಮೂಗಿನ ತುದಿಯಲ್ಲಿಯೇ ಇದ್ದಿತು. ಅಷ್ಟು ಹತ್ತಿರವಿದ್ದುದೇ ತೊಂದರೆಗೆ ಕಾರಣವಾಗಿದ್ದಿತು.

ನಮ್ಮದು ಅಗ್ರಹಾರದ ಕಡೆಯ ಹಳೆಯ ತೊಟ್ಟಿಯ ಮನೆ. ಇದರ ನಡುಮನೆಯಲ್ಲಿ ನಮ್ಮ ಅತ್ತೆಯವರು ಅರವತ್ತು ವರ್ಷಗಳಿಗೂ ಮೇಲ್ಪಟ್ಟು ಗೊಂಬೆಗಳನ್ನು ಕೂರಿಸಿಕೊಂಡು ಬಂದಿದ್ದಾರೆ. ಐದು ಮೆಟ್ಟಿಲು, ನಲವತ್ತಮೂರು ಗೊಂಬೆ. ಮೇಲಿನ ಮೆಟ್ಟಿಲಿನಲ್ಲಿ ಅವರ ತೌರಿನಿಂದ ಬಂದ ಪಟ್ಟದ ಗೊಂಬೆಗಳು. ಕೆಳಗೆ ದಶಾವತಾರ, ಶೆಟ್ಟಿ ಶೆಟ್ಟಿತಿ, ಚನ್ನಪಟ್ಟಣದ ಅರಗಿನ ಬೊಂಬೆಗಳು, ಕಿವಿ ಹೋದ ಒಂದು ಪಿಂಗಾಣಿಯ ಮೊಲ. ಸಂಜೆ ನೆರೆಮನೆಯ ಮಕ್ಕಳು ಗೊಂಬೆ ಬಾಗಿನಕ್ಕೆ ಬಂದಾಗ ಅತ್ತೆಯವರು ಮಣೆಯ ಮೇಲೆ ಕುಳಿತು ಒಂದೊಂದು ಗೊಂಬೆಯ ಕಥೆಯನ್ನೂ ಹೇಳುತ್ತಾರೆ. ಆ ಕಥೆಗಳಲ್ಲಿ ಪುರಾಣಕ್ಕಿಂತ ನಮ್ಮ ಮನೆತನದ ಚರಿತ್ರೆಯೇ ಹೆಚ್ಚು.

ಮನೆಯನ್ನು ಕೆಡವಿ ಮೂವರು ಅಣ್ಣತಮ್ಮಂದಿರಿಗೂ ಪಾಲು ಮಾಡುವುದೆಂದು ಎರಡು ವರ್ಷಗಳ ಹಿಂದೆ ನಿಶ್ಚಯವಾಯಿತು. ಗೊಂಬೆಗಳೂ ಮೂರು ಪಾಲಾಗತಕ್ಕವು. ಆದುದರಿಂದ ಕಳೆದ ನವರಾತ್ರಿಯಲ್ಲಿ ಅತ್ತೆಯವರ ಕಥೆಗಳನ್ನೆಲ್ಲ ಚಲಚ್ಚಿತ್ರವಾಗಿ ತೆಗೆದಿಡಬೇಕೆಂದು ನನಗೆ ತೋರಿತು. ಮೈದುನನ ಮಗನ ಬಳಿ ಕ್ಯಾನನ್ ಕ್ಯಾಮರಾ ಒಂದಿದ್ದಿತು. ಅದರ ಜೊತೆಯಲ್ಲಿಯೇ ಬಂದ 18ರಿಂದ 55 ಮಿಲಿಮೀಟರಿನ ಮಸೂರವನ್ನು ಹಾಕಿ, ಬಾಗಿಲಿನ ಪಕ್ಕದ ಗೋಡೆಗೆ ಬೆನ್ನುಕೊಟ್ಟು ನಿಂತು, ಒಂದು ಗಂಟೆಯ ಹೊತ್ತು ಚಿತ್ರವನ್ನು ತೆಗೆದೆವು.

ಹಬ್ಬ ಕಳೆದ ಮೇಲೆ ಅದನ್ನು ಹಾಕಿ ನೋಡಿದೆವು. ಅತ್ತೆಯವರ ಮುಖ ಚೆನ್ನಾಗಿ ಬಂದಿದ್ದಿತು, ಧ್ವನಿಯೂ ಸ್ಪಷ್ಟವಾಗಿದ್ದಿತು. “ಇದು ನಮ್ಮಪ್ಪ ನಂಜನಗೂಡಿನ ಜಾತ್ರೆಯಲ್ಲಿ ಕೊಡಿಸಿದ್ದು. ಇದರ ಕೈ ಮುರಿದದ್ದು ನಿಮ್ಮ ಮಾವನವರು. ಇದು ನನ್ನ ಜೊತೆಯಲ್ಲಿಯೇ ಈ ಮನೆಗೆ ಬಂದದ್ದು.” ಹೀಗೆ ಹೇಳುತ್ತ ಅವರು ಕೈಚಾಚುತ್ತಾರೆ, ಆ ಕೈ ಚಿತ್ರದ ಅಂಚನ್ನು ದಾಟಿ ಹೊರಕ್ಕೆ ಹೋಗಿಬಿಡುತ್ತದೆ. ‘ಇದು’ ಎಂದರೆ ಯಾವುದು? ಒಂದು ಗಂಟೆಯ ಚಿತ್ರದಲ್ಲಿ ‘ಇದು’ಗಳು ಮಾತ್ರವಿದ್ದುವು, ಗೊಂಬೆಗಳು ಇರಲಿಲ್ಲ. ಕೇಳಿ ತಿಳಿದುಕೊಳ್ಳೋಣವೆಂದರೆ, ಅಷ್ಟರಲ್ಲಿ ಅತ್ತೆಯವರ ನೆನಪು ಮಬ್ಬಾಗತೊಡಗಿದ್ದಿತು. ಬೆಳಗ್ಗೆ ತಿಂದ ತಿಂಡಿಯನ್ನು ಮಧ್ಯಾಹ್ನಕ್ಕೆ ಮರೆಯುವ ದಿನಗಳು ಬಂದಿದ್ದುವು.

ಆಗ ನಾನು ಅಗಲದ ಮಸೂರವನ್ನು ಹುಡುಕಲು ಹೊರಟೆನು. ನಮ್ಮ ಮನೆಯವರು ನಿವೃತ್ತರು. ಅವರು ವಿಷಯವನ್ನೆಲ್ಲ ಕೇಳಿ, “ಹದಿನೈದು ಸಾವಿರದೊಳಗೆ ಮುಗಿಸುವುದಾದರೆ ಆಗಲಿ” ಎಂದು ಮೇರೆ ಹಾಕಿದರು.

ದೇವರಾಜ ಅರಸು ರಸ್ತೆಯ ಸಮೀಪದ ಅಂಗಡಿಯೊಂದಕ್ಕೆ ಮೈದುನನ ಮಗನೊಡನೆ ಹೋದೆನು. ಅಂಗಡಿಯವರು ಕೇಳಿದ ಮೊದಲನೆಯ ಪ್ರಶ್ನೆ ಬೆಲೆಯ ವಿಷಯವಾಗಿರಲಿಲ್ಲ. “ನಿಮ್ಮ ಕೋಣೆ ಎಷ್ಟು ಅಡಿ, ಅಮ್ಮಾ?” ಎಂದರು. ನಾನು ಉತ್ತರವಿಲ್ಲದೆ ನಿಂತೆನು. ಸೀರೆಯ ಅಂಗಡಿಯಲ್ಲಿ ರವಿಕೆಯ ಬಟ್ಟೆಯ ಅಳತೆ ತಿಳಿಯದೆ ನಿಂತಂತಾಯಿತು. ಅವರು ನಕ್ಕು, ಒಂದು ಚೀಟಿಯಲ್ಲಿ ಲೆಕ್ಕವೊಂದನ್ನು ಬರೆದು, ಮನೆಯನ್ನು ಅಳೆದುಕೊಂಡು ಬರುವಂತೆ ಕಳುಹಿಸಿದರು.

ಆ ಲೆಕ್ಕವನ್ನು ಇಲ್ಲಿ ಹೇಳಿಬಿಡುತ್ತೇನೆ. ಸೊಪ್ಪಿನ ಲೆಕ್ಕ ಬಲ್ಲವರಿಗೆಲ್ಲ ಇದು ಬರುತ್ತದೆ. ಮಸೂರದ ಮೇಲೆ ಬರೆದಿರುವ ಮಿಲಿಮೀಟರು ಅದರ ಸಂಗಮದೂರ. ಈ ಸಂಖ್ಯೆ ಕಿರಿದಾದಷ್ಟೂ ಮಸೂರದ ನೋಟ ಅಗಲ. ಕ್ಯಾಮರಾದ ಒಳಗೆ ಬೆಳಕನ್ನು ಹಿಡಿಯುವ ಫಲಕವಿದೆ. ಸೆನ್ಸರು ಎಂದು ಅದರ ಹೆಸರು. ನಮ್ಮ ಕ್ಯಾಮರಾದಲ್ಲಿ ಅದರ ಅಗಲ ಸುಮಾರು 22 ಮಿಲಿಮೀಟರು. ಮಸೂರದಿಂದ ವಸ್ತುವಿಗೆ ಇರುವ ದೂರವನ್ನು ಈ 22ರಿಂದ ಗುಣಿಸಿ ಸಂಗಮದೂರದಿಂದ ಭಾಗಿಸಿದರೆ, ಚಿತ್ರದಲ್ಲಿ ಎಷ್ಟು ಅಗಲ ಹಿಡಿಸುವುದೆಂಬುದು ದೊರೆಯುತ್ತದೆ.

ಮನೆಗೆ ಬಂದು ಟೇಪು ಹಿಡಿದೆವು. ನಡುಮನೆಯ ಆಳ 10 ಅಡಿ. ಗೊಂಬೆಯ ಮೆಟ್ಟಿಲುಗಳು 3 ಅಡಿ ಮುಂದಕ್ಕೆ ಚಾಚಿರುತ್ತವೆ. ಕ್ಯಾಮರಾವನ್ನು ನಿಲ್ಲಿಸುವ ಮುಕ್ಕಾಲಿಗೆ 1 ಅಡಿ ಹೋಯಿತು. ಉಳಿದುದು 6 ಅಡಿ. ಮೆಟ್ಟಿಲುಗಳ ಅಗಲ 8 ಅಡಿ. ಪಕ್ಕದಲ್ಲಿ ಅತ್ತೆಯವರ ಮಣೆಗೂ ಸೇರಿಸಿ 9 ಅಡಿಯಾದರೂ ಚಿತ್ರದಲ್ಲಿ ಹಿಡಿಸಬೇಕು. ಆರನ್ನು 22ರಿಂದ ಗುಣಿಸಿದರೆ 132. ಇದನ್ನು ನಮ್ಮ ಹಳೆಯ ಮಸೂರದ 18ರಿಂದ ಭಾಗಿಸಿದರೆ 7 ಅಡಿಗೆ ತುಸು ಹೆಚ್ಚು. ಅತ್ತೆಯವರ ಕೈ ಎಲ್ಲಿಗೆ ಹೋಗಿದ್ದಿತೆಂಬುದು ಆಗ ತಿಳಿಯಿತು! ಅದರಲ್ಲಿಯೂ ನಾವು ಮುಖವು ದೊಡ್ಡದಾಗಿ ಕಾಣಲೆಂದು ಬಹುಭಾಗವನ್ನು 50ರಲ್ಲಿ ತೆಗೆದಿದ್ದೆವು. 50ರಿಂದ ಭಾಗಿಸಿದರೆ ಎರಡೂವರೆ ಅಡಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಹತ್ತರಿಂದ ಭಾಗಿಸಿದರೆ 13 ಅಡಿ. ಅಷ್ಟು ನಮಗೆ ಬೇಕಿಲ್ಲ. ಹದಿಮೂರರಿಂದ ಭಾಗಿಸಿದರೆ 10 ಅಡಿ. ನಮಗೆ ಬೇಕಾದುದು ಅದು.

ಮನೆಯಲ್ಲಿ ತಲೆಗೊಂದು ಸಲಹೆ ಬಂದಿತು. ಕಿರಿಯ ಮೈದುನನು, “ಫೋನಿನಲ್ಲಿಯೇ ಅಗಲದ ಕಣ್ಣು ಇದೆಯಲ್ಲ, ಅತ್ತಿಗೆ, ದುಡ್ಡೇಕೆ?” ಎಂದನು. ಮಾತು ಸುಳ್ಳಲ್ಲ. ಹಗಲು ಬೆಳಕಿನಲ್ಲಿ ಅದು ಸಾಕಾಗುತ್ತದೆ. ಆದರೆ ಅದರ ಫಲಕವು ಬಹಳ ಚಿಕ್ಕದು; ದೀಪದ ಬೆಳಕಿನಲ್ಲಿ ಪರೀಕ್ಷಿಸಿದಾಗ ಪಟ್ಟದ ಗೊಂಬೆಗಳ ಮುಖದ ಮೇಲೆ ರವೆ ಚೆಲ್ಲಿದಂತೆ ಕಂಡಿತು. ಇನ್ನೊಬ್ಬರು, ಇರುವ ಮಸೂರದ ಮುಂದಕ್ಕೆ ತಿರುಪಿ ಕೂರಿಸುವ ಗಾಜನ್ನು ತಂದುಕೊಟ್ಟರು. ಅದು ಬಲು ಅಗ್ಗ. ನೋಟವೇನೋ ಅಗಲವಾಯಿತು; ಆದರೆ ಮೂಲೆಗಳೆಲ್ಲ ನೀರಿನಲ್ಲಿ ಕಲಸಿದಂತಾಗಿ ಗೊಂಬೆಗಳ ಗುರುತೇ ಸಿಕ್ಕಲಿಲ್ಲ. ನಮಗೆ ಬೇಕಾಗಿದ್ದುದೇ ಮೂಲೆಯ ಗೊಂಬೆಗಳು.

ಕೊನೆಗೆ ಎರಡು ಮಸೂರಗಳು ಉಳಿದುವು. ಒಂದು ಟೋಕಿನಾ ಕಂಪೆನಿಯ 11ರಿಂದ 16ರದು. ಅದರ ದ್ವಾರ ದೊಡ್ಡದು, 2.8. ಇನ್ನೊಂದು ಕ್ಯಾನನ್ನರು 2014ರಲ್ಲಿ ಹೊರತಂದ 10ರಿಂದ 18ರದು. ಅದರ ದ್ವಾರ 4.5ರಿಂದ 5.6. ಈ ಅಂಕಿ ಹೆಚ್ಚಾದಷ್ಟೂ ಬೆಳಕು ಕಡಮೆ. ಮೊದಲನೆಯದು ಎರಡನೆಯದಕ್ಕಿಂತ ಎರಡೂವರೆ ಪಾಲಿನಿಂದ ನಾಲ್ಕು ಪಾಲಿನವರೆಗೆ ಹೆಚ್ಚು ಬೆಳಕನ್ನು ಒಳಕ್ಕೆ ಬಿಡುತ್ತದೆ. ಆದರೆ ನಮಗೆ ಹೇಳಿದ ಬೆಲೆಯು ನಮ್ಮ ಮೇರೆಯನ್ನು ದಾಟಿದ್ದಿತು. ಎರಡನೆಯದು ಹಗುರ, ಕಾಲು ಕಿಲೋಗ್ರಾಮಿಗಿಂತಲೂ ಕಡಮೆ. ಅದರ ಯಂತ್ರವು ಸದ್ದುಮಾಡದೆ ಬಿಂಬವನ್ನು ಸರಿಪಡಿಸುವುದರಿಂದ ಮಾತನ್ನು ಹಿಡಿಯುವ ಕೆಲಸಕ್ಕೆ ಒಳ್ಳೆಯದು. ಯಾರೋ ಬಳಸಿದ್ದೊಂದು 11,500 ರೂಪಾಯಿಗಳಿಗೆ ಸಿಕ್ಕುವುದರಲ್ಲಿದ್ದಿತು. ಆದರೆ ಬೆಳಕಿಗೆ ಏನು ಮಾಡುವುದು?

ಈ ಚಿಂತೆಯನ್ನು ಬಿಡಿಸಿದವರು ನಮ್ಮ ಮನೆಯವರು; ಅವರಿಗೆ ಹಳೆಯ ಚಿತ್ರಗಳ ಹುಚ್ಚು. ನಮ್ಮ ಮೈಸೂರಿನಲ್ಲಿಯೇ ಹುಟ್ಟಿದ ಛಾಯಾಗ್ರಾಹಕರಾದ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ, ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಪ್ರತಿಫಲಿಸಿ ಕತ್ತಲೆಯ ಸ್ಟುಡಿಯೋದೊಳಕ್ಕೆ ಬೆಳಕಿನ ತೊಲೆಯೊಂದನ್ನು ಇಳಿಸಿದರಂತೆ. ಭಾರತದ ಮೊದಲನೆಯ ಸಿನಿಮಾಸ್ಕೋಪ್ ಚಿತ್ರವದು. ಮೂರ್ತಿಯವರಿಗೆ ಮುಂದೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿಯೂ ದೊರೆಯಿತು. ಬಂಗಾಳದ ಸುಬ್ರತ ಮಿತ್ರರು 1956ರ ‘ಅಪರಾಜಿತೋ’ ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಅಂಗಳವು ಸ್ಟುಡಿಯೋದಲ್ಲಿ ಸಿದ್ಧವಾದಾಗ, ಅದರ ಮೇಲೆ ಬಿಳಿಯ ಬಟ್ಟೆಯನ್ನು ಹರಡಿ, ದೀಪಗಳನ್ನು ಕೆಳಗಿನಿಂದ ಅದರತ್ತ ತಿರುಗಿಸಿ, ಆಕಾಶದ ಬೆಳಕಿನಂಥ ಮೃದುವಾದ ಬೆಳಕನ್ನು ಪಡೆದರು. “ನಮಗೆ ನಿಜವಾದ ತೊಟ್ಟಿಯೇ ಇದೆ, ನಿಜವಾದ ಆಕಾಶವೇ ಇದೆ. ಕನ್ನಡಿ ಬೀರುವಿನಲ್ಲಿದೆ, ಬಿಳಿಯ ಬಟ್ಟೆ ನನ್ನ ಸೊಂಟದಲ್ಲಿದೆ” ಎಂದರು ನಮ್ಮ ಮನೆಯವರು. ಮಸೂರದ ದ್ವಾರಕ್ಕೆ ಕೊಡಬೇಕಾಗಿದ್ದ ಹಣವು ಹೀಗೆ ಉಳಿಯಿತು.

ಕೊಳ್ಳುವ ಮೊದಲು ಅಂಗಡಿಯವರ ಮಾತಿನಂತೆ ಮಸೂರದೊಳಕ್ಕೆ ಟಾರ್ಚು ಬಿಟ್ಟು ನೋಡಿದೆವು. ನಮ್ಮ ಮಳೆಗಾಲದ ತೇವಕ್ಕೆ ಗಾಜಿನ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬುವುದುಂಟು. ಹಳೆಯ ಮಸೂರವನ್ನು ಕೊಳ್ಳುವವರು ಇದನ್ನು ಮರೆಯಬಾರದು. ಇನ್ನೊಂದು ಎಚ್ಚರಿಕೆ: ಕೆಲವು ಕ್ಯಾಮರಾಗಳು 4ಕೆ ಎಂಬ ಬಹು ಸೂಕ್ಷ್ಮವಾದ ಚಿತ್ರವನ್ನು ತೆಗೆಯುವಾಗ ಫಲಕದ ನಡುಭಾಗವನ್ನು ಮಾತ್ರ ಬಳಸುತ್ತವೆ. ಆಗ ದುಡ್ಡು ಕೊಟ್ಟು ತಂದ ಅಗಲವು ಕೈಬಿಟ್ಟುಹೋಗುತ್ತದೆ.

ನವರಾತ್ರಿಗೆ ಒಂದು ವಾರ ಮುಂಚೆ ಮೆಟ್ಟಿಲುಗಳನ್ನು ಜೋಡಿಸಿ ಪರೀಕ್ಷೆ ನಡೆಸಿದೆವು. ಹುಡುಗನು ಉತ್ಸಾಹದಿಂದ 10ಕ್ಕೆ ತಿರುಗಿಸಿ, ಅತ್ತೆಯವರ ಸಮೀಪಕ್ಕೆ ಕ್ಯಾಮರಾವನ್ನು ಒಯ್ದು, ಅದನ್ನು ಮೇಲಕ್ಕೆತ್ತಿ ಹಿಡಿದನು. ಚಿತ್ರವನ್ನು ನೋಡಿದ ಅತ್ತೆಯವರು, “ಏನೇ ಇದು! ನನ್ನ ಮಂಡಿ ಚಾಮುಂಡಿ ಬೆಟ್ಟದ ಹಾಗಿದೆ, ಪಟ್ಟದ ಗೊಂಬೆ ಇರುವೆಯ ಹಾಗಿದೆ!” ಎಂದರು. ಅಗಲದ ಮಸೂರದ ಗುಣವೂ ಅದೇ, ದೋಷವೂ ಅದೇ. ಹತ್ತಿರದ್ದು ಅತಿಯಾಗಿ ಬೆಳೆಯುತ್ತದೆ, ದೂರದ್ದು ಕುಗ್ಗುತ್ತದೆ. ಅಂಚಿನಲ್ಲಿ ಕುಳಿತವರ ಮುಖ ಅಗಲಕ್ಕೆ ಎಳೆದಂತಾಗುತ್ತದೆ. ಕ್ಯಾಮರಾವನ್ನು ಮೇಲಕ್ಕೋ ಕೆಳಕ್ಕೋ ಓರೆ ಮಾಡಿದರೆ ಗೋಡೆಗಳು ಬೀಳುವಂತೆ ಕಾಣುತ್ತವೆ. ಆದುದರಿಂದ ಕ್ಯಾಮರಾವನ್ನು ಹಿಂದಿನ ಗೋಡೆಗೆ ಒತ್ತಿ, ಕುಳಿತವರ ಕಣ್ಣಿನ ಮಟ್ಟದಲ್ಲಿ, ಓರೆಯಿಲ್ಲದೆ ನಿಲ್ಲಿಸಿದೆವು. ಮಸೂರವನ್ನು 13ಕ್ಕೆ ತಿರುಗಿಸಿದೆವು. ಮಣೆಯನ್ನು ಅಂಚಿನಿಂದ ಒಳಕ್ಕೆ, ಮೆಟ್ಟಿಲುಗಳ ಪಕ್ಕಕ್ಕೇ ಸರಿಸಿದೆವು.

ಹಬ್ಬದ ಮೂರನೆಯ ದಿನ ಹತ್ತು ಗಂಟೆಯ ಬಿಸಿಲು ತೊಟ್ಟಿಗೆ ಇಳಿದಾಗ ಬೀರುವಿನ ಕನ್ನಡಿಯನ್ನು ಅಲ್ಲಿ ನಿಲ್ಲಿಸಿ, ನಡುಮನೆಯ ಪಕ್ಕದ ಗೋಡೆಯ ಮೇಲೆ ಕಟ್ಟಿದ್ದ ಒಗೆದ ಪಂಚೆಗೆ ಬಿಸಿಲನ್ನು ತಿರುಗಿಸಿದೆವು. ಕೋಣೆಯೆಲ್ಲ ಹಾಲಿನಂಥ ಬೆಳಕಿನಿಂದ ತುಂಬಿತು. ಅತ್ತೆಯವರು ಬಂದು ಕುಳಿತರು. ಗೊಂಬೆಗಳನ್ನು ಅವರೇ ಎಂದಿನ ಕ್ರಮದಲ್ಲಿ ಇರಿಸಿದ್ದರು. ಕೈಗೆ ಆ ಕ್ರಮವು ಮರೆತಿರಲಿಲ್ಲ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಒಂದೊಂದನ್ನೇ ಮುಟ್ಟುತ್ತ ಬಂದರು. ಆದರೆ ಕಥೆಗಳು ಬರಲಿಲ್ಲ. “ಇದು... ಇದು ಚೆನ್ನಾಗಿದೆ ಅಲ್ಲವೇನೆ?” ಎನ್ನುವರು, ಮುಂದಿನದಕ್ಕೆ ಹೋಗುವರು. ಪಿಂಗಾಣಿಯ ಮೊಲವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, “ಇದು ಯಾರದಮ್ಮಾ?” ಎಂದು ನನ್ನನ್ನೇ ಕೇಳಿದರು. ನಾನು ಕ್ಯಾಮರಾದ ಹಿಂದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆನು.

ಅಂದು ರಾತ್ರಿ ಮೈದುನನ ಮಗನು ಒಂದು ಉಪಾಯವನ್ನು ಕಂಡನು. “ದೊಡ್ಡಮ್ಮ, ಹೋದ ವರ್ಷ ಅಜ್ಜಿಯ ಮಾತಿದೆ, ಈ ವರ್ಷ ಅಜ್ಜಿಯ ಕೈಯಿದೆ. ಕ್ರಮ ಒಂದೇ ಅಲ್ಲವೆ?” ಎಂದನು. ಎರಡು ಚಿತ್ರಗಳನ್ನೂ ಒಟ್ಟಿಗೆ ಇಟ್ಟುಕೊಂಡು ಕುಳಿತೆವು. ಕಳೆದ ವರ್ಷದ ಮೊದಲನೆಯ ‘ಇದು’ವಿಗೆ ಈ ವರ್ಷ ಮುಟ್ಟಿದ ಮೊದಲನೆಯ ಗೊಂಬೆ, ಎರಡನೆಯದಕ್ಕೆ ಎರಡನೆಯದು. ಮುರಿದ ಕೈಯ ಮಾತು ಬಂದಾಗ ಕೈ ಮುರಿದ ಶೆಟ್ಟಿಯೇ ಎದುರಿಗಿದ್ದನು. ಲೆಕ್ಕ ಸರಿಯಾಗಿದೆಯೆಂದು ಧೈರ್ಯವಾಯಿತು. ನಂಜನಗೂಡಿನ ಜಾತ್ರೆಯಿಂದ ಬಂದುದು ಆ ಕಿವಿ ಹೋದ ಮೊಲ.

ನಲವತ್ತಮೂರರಲ್ಲಿ ಮೂವತ್ತೆಂಟರ ಕಥೆ ಸಿಕ್ಕಿತು. ಉಳಿದ ಐದನ್ನು, ಕಳೆದ ವರ್ಷ ಮಕ್ಕಳ ಗದ್ದಲದಲ್ಲಿ ಅತ್ತೆಯವರು ಬಿಟ್ಟು ಮುಂದಕ್ಕೆ ಹೋಗಿದ್ದಿರಬೇಕು. ಅವುಗಳ ವಿಷಯ ಇನ್ನು ನಮಗೆ ತಿಳಿಯುವಂತಿಲ್ಲ. ಕಳೆದ ವರ್ಷವೇ ಒಂದು ಟೇಪು ಹಿಡಿದು ಕೋಣೆಯನ್ನು ಅಳೆದಿದ್ದರೆ, ಒಂದು ಮಸೂರವನ್ನು ಬದಲಾಯಿಸಿದ್ದರೆ, ಅವನ್ನೂ ಕೇಳಿ ಉಳಿಸಿಕೊಳ್ಳಬಹುದಾಗಿದ್ದಿತು. ಮನೆಯಲ್ಲಿ ಹಿರಿಯರಿದ್ದು, ಚಿಕ್ಕ ಕೋಣೆಯಿದ್ದು, ಕ್ಯಾಮರಾವೂ ಇರುವ ಸೋದರಿಯರು ಈ ತಪ್ಪನ್ನು ಮಾಡದಿರಲೆಂದೇ ಇಷ್ಟನ್ನು ಬರೆದೆನು. ಮೊದಲು ಕೋಣೆಯನ್ನು ಅಳೆಯಿರಿ. ಅದು ಖರ್ಚಿಲ್ಲದ ಕೆಲಸ.

ಮಾರನೆಯ ದಿನ ಮೊಲವನ್ನು ಅತ್ತೆಯವರ ಕೈಯಲ್ಲಿಟ್ಟು, “ಇದು ನಿಮ್ಮ ತಂದೆಯವರು ನಂಜನಗೂಡಿನ ಜಾತ್ರೆಯಲ್ಲಿ ಕೊಡಿಸಿದ್ದು, ಅತ್ತೆ” ಎಂದೆನು. ಅವರು ಮೊಲವನ್ನೂ ನನ್ನನ್ನೂ ಒಮ್ಮೆ ನೋಡಿದರು. “ನಿನಗೆ ಹೇಗೆ ಗೊತ್ತೇ?” ಎಂದರು.

“ನೀವೇ ಹೇಳಿದಿರಿ” ಎಂದೆನು.