ವಾರ್ಡಿನಲ್ಲೇ ಕಾದಿದ್ದ ಪ್ರಶ್ನೆ

ಮಗ ಎಂ.ಬಿ.ಬಿ.ಎಸ್. ಮುಗಿಸಿದ್ದಾನೆ. ಎಂ.ಡಿ. ಸೀಟೂ ಸಿಕ್ಕಿದೆ. ಇನ್ನು ಮೂರು ವರ್ಷ ಕಳೆದರೆ ಸಾಕು ಎಂದು ತಂದೆ ತಾಯಿ ಉಸ್ಸೆಂದು ಕೂರುವ ಹೊತ್ತಿಗೆ ಅವನ ಫೋನು ಬರುತ್ತದೆ. ‘ಅಪ್ಪಾ, ಮುಂದೆ ಫೆಲೋಶಿಪ್‌ಗೆ ಅರ್ಜಿ ಹಾಕಬೇಕು ಅಂತಿದ್ದೀನಿ. ಅದಕ್ಕೆ ಮೊದಲು ಏನಾದರೂ ರಿಸರ್ಚ್ ಮಾಡಿರಬೇಕಂತೆ.’ ಅಪ್ಪನಿಗೆ ದಿಗಿಲು. ಹಗಲು ರಾತ್ರಿ ಡ್ಯೂಟಿ ಮಾಡುವ ಹುಡುಗ ಸಂಶೋಧನೆಯನ್ನು ಎಲ್ಲಿಂದ ತಂದಾನು? ಅದಕ್ಕೆ ಪ್ರಯೋಗಶಾಲೆ ಬೇಡವೆ? ಹಣ ಬೇಡವೆ? ಹೆಸರಾಂತ ವಿಜ್ಞಾನಿಗಳ ಪರಿಚಯ ಬೇಡವೆ?

ಕರ್ನಾಟಕದ ಎಷ್ಟೋ ಮನೆಗಳಲ್ಲಿ ನಡೆಯಬಹುದಾದ ಮಾತುಕತೆ ಇದು. ಈ ಪ್ರಶ್ನೆಗಳಿಗೆಲ್ಲ ಒಬ್ಬ ಯುವ ವೈದ್ಯನ ಬದುಕಿನಲ್ಲಿ ಉತ್ತರವಿದೆ. ಅವನ ಕಥೆ ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹಲವು ವರ್ಷ ಒಂದು ಪುಟ್ಟ ಚೌಕಟ್ಟಿನೊಳಗೆ ಅಚ್ಚಾಗುತ್ತಿತ್ತು. ಮಕ್ಕಳು ಹೆಸರನ್ನು ಬಾಯಿಪಾಠ ಮಾಡಿ ಮುಂದೆ ಹೋದರು. ಆ ಕೆಲಸ ಶುರುವಾದಾಗ ಆತ ವಿಜ್ಞಾನಿಯಾಗಿರಲಿಲ್ಲ, ವಾರ್ಡಿನಲ್ಲಿ ದುಡಿಯುತ್ತಿದ್ದ ಒಬ್ಬ ರೆಸಿಡೆಂಟ್ ಆಗಿದ್ದ ಎಂಬುದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ.

ಆತ ಬ್ಯಾರಿ ಮಾರ್ಷಲ್. ಹುಟ್ಟಿದ್ದು 1951ರಲ್ಲಿ, ಪಶ್ಚಿಮ ಆಸ್ಟ್ರೇಲಿಯದ ಚಿನ್ನದ ಗಣಿಯ ಊರು ಕಲ್ಗೂರ್ಲಿಯಲ್ಲಿ. 1981ರಲ್ಲಿ ಅವರು ರಾಯಲ್ ಪರ್ತ್ ಆಸ್ಪತ್ರೆಯಲ್ಲಿ ರಿಜಿಸ್ಟ್ರಾರ್ ಆಗಿದ್ದರು. ಭಾರತದಲ್ಲಿ ಪಿ.ಜಿ. ಎಂದೂ ಅಮೆರಿಕದಲ್ಲಿ ರೆಸಿಡೆಂಟ್ ಎಂದೂ ಕರೆಯುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಹುದ್ದೆ. ತರಬೇತಿ ಮುಗಿದರೆ ಅಲ್ಲಿನ ವೈದ್ಯರ ಕಾಲೇಜಿನ ‘ಫೆಲೋ’ ಎಂಬ ಮನ್ನಣೆ ಸಿಗುತ್ತಿತ್ತು. ಮನೆಯಲ್ಲಿ ಹೆಂಡತಿ, ಚಿಕ್ಕ ಮಕ್ಕಳು. ಕೆಲವು ತಿಂಗಳಿಗೊಮ್ಮೆ ಒಂದು ವಿಭಾಗದಿಂದ ಇನ್ನೊಂದು ವಿಭಾಗಕ್ಕೆ ಬದಲಿ. ಆ ವರ್ಷದ ಉತ್ತರಾರ್ಧದಲ್ಲಿ ಅವರ ಪಾಲಿಗೆ ಬಂದದ್ದು ಹೊಟ್ಟೆ ಮತ್ತು ಕರುಳಿನ ವಿಭಾಗ.

ತರಬೇತಿಯಲ್ಲಿರುವವರು ವರ್ಷಕ್ಕೊಂದು ಸಣ್ಣ ಸಂಶೋಧನೆ ಕೈಗೆತ್ತಿಕೊಳ್ಳಲಿ ಎಂಬ ಪ್ರೋತ್ಸಾಹ ಅಲ್ಲಿತ್ತು. ಮಾರ್ಷಲ್ ತಮ್ಮ ಮೇಲಿನ ವೈದ್ಯರಾದ ಟಾಮ್ ವಾಟರ್ಸ್ ಅವರನ್ನು ನೇರವಾಗಿ ಕೇಳಿದರು: ಏನಾದರೂ ಕೆಲಸವಿದೆಯೆ? ವಾಟರ್ಸ್ ಬಳಿ ಒಂದು ಪಟ್ಟಿ ಇತ್ತು. ಅದೇ ಆಸ್ಪತ್ರೆಯ ಪೆಥಾಲಜಿಸ್ಟ್ ರಾಬಿನ್ ವಾರೆನ್ ಕೊಟ್ಟಿದ್ದ ರೋಗಿಗಳ ಪಟ್ಟಿ. ಅವರ ಜಠರದ ಚೂರುಗಳಲ್ಲಿ ಬಾಗಿದ ಆಕಾರದ ಬ್ಯಾಕ್ಟೀರಿಯಾ ಕಂಡಿದ್ದವು. ಈ ರೋಗಿಗಳ ಕಾಯಿಲೆ ಏನೆಂದು ನೋಡುವವರು ಯಾರಾದರೂ ಬೇಕಾಗಿತ್ತು.

ಆ ಪಟ್ಟಿಯ ಹಿಂದೆ ಎರಡು ವರ್ಷದ ಒಂಟಿ ದುಡಿಮೆ ಇತ್ತು. 1979ರ ಜೂನ್ 11, ವಾರೆನ್ ಅವರಿಗೆ ನಲವತ್ತೆರಡು ತುಂಬಿದ ದಿನ. ಉರಿಯೂತವಾಗಿದ್ದ ಜಠರದ ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅಂಚಿನುದ್ದಕ್ಕೂ ತೆಳುವಾದ ನೀಲಿ ಗೆರೆಯೊಂದು ಕಂಡಿತು. ಹಿಗ್ಗಿಸಿ ನೋಡಿದರೆ ಬ್ಯಾಕ್ಟೀರಿಯಾಗಳ ಸಾಲು. ಪಕ್ಕದವರಿಗೆ ಅದು ಕಾಣಲಿಲ್ಲ. ಬೆಳ್ಳಿಯ ಲವಣ ಬಳಸಿ ಬಣ್ಣ ಹಾಕಿದಾಗ ಅವು ಕಪ್ಪಗೆ ಎದ್ದು ಕಂಡವು. ಆದರೂ ಹೆಚ್ಚಿನವರಿಗೆ ಆಸಕ್ತಿ ಹುಟ್ಟಲಿಲ್ಲ.

ಕಾರಣ ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರುವುದೇ. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ. ಆ ಹುಳಿಯಲ್ಲಿ ಸೂಕ್ಷ್ಮಜೀವಿಗಳು ಬದುಕಿ ಬೆಳೆಯಲಾರವು ಎಂಬುದು ಆಗಿನ ಪಾಠ. ಜಠರದ ಹುಣ್ಣಿಗೆ ಮಾನಸಿಕ ಒತ್ತಡ, ಖಾರ, ಹೆಚ್ಚಾದ ಆಮ್ಲ ಇವೇ ಕಾರಣ ಎಂದು ಎಲ್ಲರೂ ನಂಬಿದ್ದರು. ಆಮ್ಲ ತಗ್ಗಿಸುವ ಮಾತ್ರೆ ನುಂಗಿದರೆ ನೋವು ಇಳಿಯುತ್ತಿತ್ತು, ನಿಲ್ಲಿಸಿದರೆ ಮರಳಿ ಬರುತ್ತಿತ್ತು. ಕೆಲವರಿಗೆ ಜಠರದ ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು.

ಮಾರ್ಷಲ್ ಪಟ್ಟಿಯ ಮೇಲೆ ಕಣ್ಣಾಡಿಸಿದರು. ಅದರಲ್ಲಿ ಒಂದು ಹೆಸರು ಅವರಿಗೆ ಗೊತ್ತಿತ್ತು. ನಲವತ್ತು ದಾಟಿದ ಹೆಂಗಸು, ಅವರ ವಾರ್ಡಿನಲ್ಲೇ ಮಲಗಿದ್ದವರು. ಬಿಡದ ಹೊಟ್ಟೆನೋವು, ವಾಕರಿಕೆ. ಪರೀಕ್ಷೆಗಳಲ್ಲಿ ಏನೂ ಸಿಗದೆ, ಕೊನೆಗೆ ಆಕೆಯನ್ನು ಮನೋವೈದ್ಯರ ಬಳಿಗೆ ಕಳಿಸಲಾಗಿತ್ತು. ಈಗ ನೋಡಿದರೆ, ಸಿಕ್ಕಿದ್ದ ಒಂದೇ ಒಂದು ವಿಶೇಷ ಸಂಗತಿ ಪೆಥಾಲಜಿಸ್ಟರ ಪಟ್ಟಿಯಲ್ಲಿ ಬಿದ್ದಿತ್ತು. ಆಕೆಯ ನೋವು ನಿಜವಾಗಿರಬಹುದು, ಕಾರಣ ಮಾತ್ರ ಯಾರಿಗೂ ತಿಳಿದಿಲ್ಲ. ಆ ಅನುಮಾನವೇ ಮಾರ್ಷಲ್ ಅವರನ್ನು ವಾರೆನ್ ಅವರ ಬಾಗಿಲಿಗೆ ಕರೆದುಕೊಂಡು ಹೋಯಿತು.

ಹಿತ್ತಲ ಗಿಡ ಮದ್ದಲ್ಲ ಎನ್ನುವ ಸ್ವಭಾವ ಎಲ್ಲ ದೇಶದಲ್ಲೂ ಇದೆ. ಸಂಶೋಧನೆ ಎಂದರೆ ದೂರದ ದೊಡ್ಡ ಸಂಸ್ಥೆಯಲ್ಲಿ ನಡೆಯುವುದು ಎಂದು ಎಳೆಯ ವೈದ್ಯರು ಭಾವಿಸುತ್ತಾರೆ. ಮಾರ್ಷಲ್ ಅವರಿಗೆ ಸಿಕ್ಕಿದ್ದು ಅದೇ ಆಸ್ಪತ್ರೆಯ ಇನ್ನೊಂದು ವಿಭಾಗದಲ್ಲಿ, ಯಾರೂ ಮುಟ್ಟದೆ ಇಟ್ಟಿದ್ದ ಕೆಲಸ. ಒಬ್ಬರ ಬಳಿ ಗಾಜಿನ ಪಟ್ಟಿಗಳಿದ್ದವು, ಆದರೆ ರೋಗಿಗಳಿರಲಿಲ್ಲ. ಇನ್ನೊಬ್ಬರ ಬಳಿ ರೋಗಿಗಳಿದ್ದರು, ಆದರೆ ಪ್ರಶ್ನೆ ಇರಲಿಲ್ಲ.

ಮೊದಲು ಅವರು ಮಾಡಿದ್ದು ಓದು. ಗ್ರಂಥಾಲಯದಲ್ಲಿ ಹಳೆಯ ವರದಿಗಳನ್ನು ತಡಕಿದಾಗ, ಜಠರದಲ್ಲಿ ಸುರುಳಿ ಬ್ಯಾಕ್ಟೀರಿಯಾ ಕಂಡವರು ಹತ್ತೊಂಬತ್ತನೆಯ ಶತಮಾನದಲ್ಲೇ ಇದ್ದರು ಎಂದು ತಿಳಿಯಿತು. ಆಮೇಲೆ ಒಂದು ಕ್ರಮವಾದ ಯೋಜನೆ. ಎಂಡೋಸ್ಕೋಪಿಗೆ ಬರುವವರಲ್ಲಿ ಒಪ್ಪಿಗೆ ಕೊಟ್ಟ ನೂರು ಮಂದಿಯನ್ನು ಸಾಲಾಗಿ ಸೇರಿಸಿಕೊಳ್ಳುವುದು, ಪ್ರತಿಯೊಬ್ಬರ ಜಠರದಿಂದ ಚೂರು ತೆಗೆಯುವುದು. ಯಾರ ಹೊಟ್ಟೆಯಲ್ಲಿ ಹುಣ್ಣಿದೆ ಎಂಬುದನ್ನು ಸೂಕ್ಷ್ಮದರ್ಶಕ ನೋಡುವವರಿಗೆ ಮೊದಲೇ ಹೇಳಬಾರದು. ಹೇಳಿಬಿಟ್ಟರೆ ಕಣ್ಣು ತನಗೆ ಬೇಕಾದದ್ದನ್ನೇ ಹುಡುಕುತ್ತದೆ.

ಇಷ್ಟರಲ್ಲಿ ಹೊಟ್ಟೆ ವಿಭಾಗದ ಅವಧಿ ಮುಗಿಯಿತು. 1982ರ ಆರಂಭದಲ್ಲಿ ಅವರಿಗೆ ರಕ್ತರೋಗಗಳ ವಿಭಾಗದಲ್ಲಿ ಡ್ಯೂಟಿ. ಅನೇಕ ರೆಸಿಡೆಂಟರ ಸಂಶೋಧನೆ ಸಾಯುವುದು ಈ ತಿರುವಿನಲ್ಲೇ. ಮಾರ್ಷಲ್ ಬಿಡಲಿಲ್ಲ. ಬಿಡುವಾದಾಗಲೆಲ್ಲ ಬಂದು ಚೂರುಗಳನ್ನು ಸಂಗ್ರಹಿಸಿದರು.

ಕಷ್ಟ ಬೇರೆಡೆ ಇತ್ತು. ಸೂಕ್ಷ್ಮದರ್ಶಕದಲ್ಲಿ ಕಾಣುವ ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬೆಳೆಯುತ್ತಿರಲಿಲ್ಲ. ಮೂವತ್ತಕ್ಕೂ ಹೆಚ್ಚು ರೋಗಿಗಳ ಮಾದರಿ ವ್ಯರ್ಥವಾಯಿತು. ಎರಡು ದಿನದಲ್ಲಿ ಏನೂ ಬೆಳೆಯದಿದ್ದರೆ ತಟ್ಟೆಯನ್ನು ಎಸೆಯುವುದು ಪ್ರಯೋಗಾಲಯದ ರೂಢಿ. ಆ ವರ್ಷದ ಏಪ್ರಿಲ್‌ನಲ್ಲಿ ಈಸ್ಟರ್ ರಜೆ ಬಂತು. ಪ್ರಯೋಗಾಲಯದವರು ಬೇರೆ ಕೆಲಸದ ಒತ್ತಡದಲ್ಲಿದ್ದರು. ಮೂವತ್ತೈದನೆಯ ರೋಗಿಯ ತಟ್ಟೆಗಳು ರಜೆ ಮುಗಿಯುವವರೆಗೂ ಇನ್‌ಕ್ಯುಬೇಟರಿನಲ್ಲೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬ್ಯಾಕ್ಟೀರಿಯಾ ಬೆಳೆದಿತ್ತು! ಅದು ನಿಧಾನವಾಗಿ ಬೆಳೆಯುವ ಜಾತಿ. ಅಷ್ಟು ದಿನವೂ ಅದು ಬೆಳೆಯುವ ಮೊದಲೇ ಎಸೆಯಲಾಗುತ್ತಿತ್ತು.

ಇದನ್ನು ಅದೃಷ್ಟ ಎನ್ನುವವರುಂಟು. ಅದೃಷ್ಟವೇ ಸರಿ. ಆದರೆ ಮೂವತ್ತನಾಲ್ಕು ಸಲ ಸೋತ ಮೇಲೂ ಮೂವತ್ತೈದನೆಯ ತಟ್ಟೆ ಇಟ್ಟವರಿಗೆ ಮಾತ್ರ ಸಿಗುವ ಅದೃಷ್ಟ ಅದು.

1982ರ ಮಧ್ಯದಲ್ಲಿ ಮಾರ್ಷಲ್ ಅವರಿಗೆ ದೂರದ ಪೋರ್ಟ್ ಹೆಡ್‌ಲ್ಯಾಂಡ್ ಎಂಬ ಬಂದರು ಊರಿನ ಆಸ್ಪತ್ರೆಗೆ ಬದಲಿಯಾಯಿತು. ಅಲ್ಲಿ ಸಂಶೋಧನೆಯ ಸೌಕರ್ಯವಿರಲಿಲ್ಲ, ಬಿಡುವು ಮಾತ್ರ ಇತ್ತು. ನೂರು ರೋಗಿಗಳ ಲೆಕ್ಕವನ್ನು ಅಲ್ಲಿ ಕುಳಿತು ನೋಡಿದರು. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಿದ್ದವರು ಹದಿಮೂರು ಮಂದಿ. ಹದಿಮೂರಕ್ಕೆ ಹದಿಮೂರು ಜನರಲ್ಲೂ ಆ ಬ್ಯಾಕ್ಟೀರಿಯಾ ಇತ್ತು.

ಸನ್ಮಾನ ಮಾತ್ರ ಕಾದಿರಲಿಲ್ಲ. 1983ರಲ್ಲಿ ಆಸ್ಟ್ರೇಲಿಯದ ಜೀರ್ಣಾಂಗ ತಜ್ಞರ ಸಮ್ಮೇಳನಕ್ಕೆ ಕಳಿಸಿದ ಸಾರಾಂಶ ತಿರಸ್ಕೃತವಾಯಿತು. ಅಲ್ಲಿಗೆ ಬಂದಿದ್ದ 67 ಬರಹಗಳಲ್ಲಿ 56 ಆಯ್ಕೆಯಾಗಿದ್ದವು. ಮುಂದೆ ನೊಬೆಲ್ ತರಲಿದ್ದ ಕೆಲಸ ಉಳಿದ ಹನ್ನೊಂದರಲ್ಲಿತ್ತು! ಅದೇ ವರ್ಷದ ಜೂನ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ವಾರೆನ್ ಮತ್ತು ಮಾರ್ಷಲ್ ಬರೆದ ಎರಡು ಪತ್ರಗಳನ್ನು ಜೊತೆಜೊತೆಗೆ ಅಚ್ಚು ಹಾಕಿತು. ಮೊದಲು ಗುರುತಿಸಿದವರ ಹೆಸರು ಮೊದಲ ಪತ್ರಕ್ಕೆ, ಕೆಲಸ ಮುಂದುವರಿಸಿದವರ ಹೆಸರು ಎರಡನೆಯದಕ್ಕೆ. ಪೂರ್ಣ ಲೇಖನ ಬಂದದ್ದು 1984ರಲ್ಲಿ.

ಆ ವರ್ಷ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡ ಕಥೆ ಪ್ರಸಿದ್ಧ. ಪತ್ರಿಕೆಗಳಿಗೆ ಅದೇ ರುಚಿ. ವಿದ್ಯಾರ್ಥಿಗಳು ಅನುಸರಿಸಬೇಕಾದದ್ದು ಮಾತ್ರ ಅದನ್ನಲ್ಲ. ಒಂದು ಲೋಟದ ಸಾಹಸಕ್ಕಿಂತ ನೂರು ರೋಗಿಗಳ ಲೆಕ್ಕದ ತೂಕ ದೊಡ್ಡದು.

ಹುಳಿಯಲ್ಲಿ ಆ ಜೀವಿ ಬದುಕುವುದು ಹೇಗೆ ಎಂಬುದೂ ತಿಳಿಯಿತು. ಅದು ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ. ಅಮೋನಿಯಾ ಪ್ರತ್ಯಾಮ್ಲ. ಸುತ್ತಲಿನ ಆಮ್ಲ ತಟಸ್ಥವಾಗುತ್ತದೆ. ಉಸಿರಿನಿಂದಲೇ ಈ ಸೋಂಕನ್ನು ಪತ್ತೆ ಮಾಡುವ ಪರೀಕ್ಷೆ ಇದೇ ತತ್ತ್ವದ ಮೇಲೆ ನಿಂತಿದೆ. 1989ರಲ್ಲಿ ಅದಕ್ಕೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೆಸರಾಯಿತು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಈ ಸೋಂಕಿರುವ ಹುಣ್ಣಿನ ರೋಗಿಗಳಿಗೆ ಆ್ಯಂಟಿಬಯಾಟಿಕ್ ಕೊಡಬೇಕೆಂದು ಹೇಳಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ವಾರೆನ್ 2024ರಲ್ಲಿ ತೀರಿಕೊಂಡರು.

ಮಾರ್ಷಲ್ ಕೆಲಸ ಕೇಳಿದ್ದು 1981ರಲ್ಲಿ, ಲ್ಯಾನ್ಸೆಟ್‌ನಲ್ಲಿ ಪತ್ರ ಬಂದದ್ದು 1983ರಲ್ಲಿ. ಎರಡು ವರ್ಷ. ಇಂದು ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ ಮಾಡುತ್ತಿರುವ ಕನ್ನಡದ ಹುಡುಗ ಹುಡುಗಿಯರಿಗೂ ಸಿಗುವ ಕಾಲ ಅಷ್ಟೇ. ರೆಸಿಡೆನ್ಸಿ ಮೂರು ವರ್ಷದ್ದಾದರೂ ಫೆಲೋಶಿಪ್ ಅರ್ಜಿ ಹೋಗುವುದು ಮೂರನೆಯ ವರ್ಷದ ಆರಂಭದಲ್ಲೇ. ಹಾಗಾಗಿ ಕೇಳುವುದನ್ನು ಮೊದಲ ವರ್ಷದಲ್ಲೇ ಕೇಳಬೇಕು. ಭಾರತದಲ್ಲಿ ಲೆಕ್ಕ ಬೇರೆ. ಇಲ್ಲಿ ಡಿ.ಎಂ., ಎಂ.ಸಿ.ಎಚ್. ಸೀಟಿಗೆ ಪ್ರವೇಶ ಪರೀಕ್ಷೆಯ ಅಂಕವೇ ಮುಖ್ಯ. ಆದರೆ ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬರೂ ಥೀಸಿಸ್ ಒಪ್ಪಿಸಲೇಬೇಕು. ಅಂದರೆ ಅವಕಾಶ ಬಾಗಿಲಿಗೇ ಬಂದಿರುತ್ತದೆ. ಅದನ್ನು ಕಾಟಾಚಾರಕ್ಕೆ ಮುಗಿಸುವುದೋ, ಒಂದು ನಿಜವಾದ ಪ್ರಶ್ನೆಗೆ ಬಳಸುವುದೋ, ಅದು ವಿದ್ಯಾರ್ಥಿಗೆ ಬಿಟ್ಟದ್ದು.

ಕೆಲಸ ಎಲ್ಲಿ ಸಿಗುತ್ತದೆ? ಮೇಲಿನ ವೈದ್ಯರ ಮೇಜಿನ ಖಾನೆಯಲ್ಲಿ, ಅರ್ಧಕ್ಕೆ ನಿಂತ ಪಟ್ಟಿಗಳಲ್ಲಿ. ಪೆಥಾಲಜಿ, ಮೈಕ್ರೋಬಯಾಲಜಿ ವಿಭಾಗದವರ ‘ಇದೇನೋ ವಿಚಿತ್ರವಾಗಿದೆ’ ಎಂಬ ಮಾತಿನಲ್ಲಿ. ಆಸ್ಪತ್ರೆಯ ಹಳೆಯ ಕೇಸ್ ಷೀಟುಗಳಲ್ಲಿ. ‘ಏನೂ ಇಲ್ಲ’ ಎಂದು ಮನೆಗೆ ಕಳಿಸಿದ ರೋಗಿಯಲ್ಲಿ. ಪ್ರಶ್ನೆ ಚಿಕ್ಕದಿರಲಿ, ಇರುವ ಸಮಯದಲ್ಲಿ ಮುಗಿಯುವಂತಿರಲಿ. ನೈತಿಕ ಸಮಿತಿಯ ಒಪ್ಪಿಗೆ ಮೊದಲು, ರೋಗಿಯ ಒಪ್ಪಿಗೆ ಆಮೇಲೆ, ಕೆಲಸ ಅದರ ನಂತರ. ಅಂಕಿ ಅಂಶ ಬಲ್ಲವರನ್ನು ಕಾಣಬೇಕಾದದ್ದು ಶುರುವಿನಲ್ಲೇ. ಬರಹದಲ್ಲಿ ಯಾರ ಹೆಸರು ಎಲ್ಲಿ ಎಂಬುದನ್ನೂ ಆಗಲೇ ಮಾತಾಡಿಕೊಂಡರೆ ಮುಂದೆ ಮನಸ್ತಾಪವಿರುವುದಿಲ್ಲ. ಹಣ ಕಟ್ಟಿಸಿಕೊಂಡು ಏನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳಿಂದ ದೂರವಿರಬೇಕು. ಇನ್ನು ಇಲ್ಲದ ಅಂಕಿಯನ್ನು ಇದೆಯೆಂದು ಬರೆಯುವುದು ಪರೀಕ್ಷೆಯಲ್ಲಿ ನಕಲು ಮಾಡಿದಂತಲ್ಲ, ಅದಕ್ಕಿಂತ ಕೆಟ್ಟದ್ದು. ನಕಲು ಮಾಡಿದವನಿಗೆ ಸುಳ್ಳು ಅಂಕ ಬರುತ್ತದೆ. ಸುಳ್ಳು ಅಂಕಿಯಿಂದ ಯಾವನೋ ರೋಗಿಗೆ ತಪ್ಪು ಔಷಧ ಹೋಗುತ್ತದೆ.

ತಂದೆ ತಾಯಿಗಳು ಮಾಡಬಹುದಾದದ್ದೂ ಇದೆ. ‘ಅರ್ಜಿಗೆ ಎಷ್ಟು ಪೇಪರ್ ಆಯಿತು?’ ಎಂದು ಕೇಳುವ ಬದಲು ‘ಈ ವಾರ ಯಾವ ರೋಗಿಯ ಬಗ್ಗೆ ಯೋಚನೆ ಹತ್ತಿತು?’ ಎಂದು ಕೇಳಬಹುದು. ಮೊದಲ ಪ್ರಶ್ನೆ ಮಗುವನ್ನು ಸಂಖ್ಯೆಯ ಹಿಂದೆ ಓಡಿಸುತ್ತದೆ. ಎರಡನೆಯದು ವಾರ್ಡಿಗೆ ಮರಳಿ ಕಳಿಸುತ್ತದೆ.

ಫೆಲೋಶಿಪ್ ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಸಿಗುವುದಿಲ್ಲ. ಆದರೆ ಬಿಡದ ಹೊಟ್ಟೆನೋವಿನ ಆ ಹೆಂಗಸಿನಂಥವರು ಎಲ್ಲ ಆಸ್ಪತ್ರೆಗಳಲ್ಲೂ ಇದ್ದಾರೆ. ತಮ್ಮ ನೋವಿಗೆ ಕಾರಣವೇನೆಂದು ಇನ್ನೊಮ್ಮೆ ಕೇಳುವ ಎಳೆಯ ವೈದ್ಯನೊಬ್ಬನಿಗಾಗಿ ಅವರು ಕಾಯುತ್ತಿದ್ದಾರೆ.