ಮುಳುಗಿದ ಹಡಗಿನ ಮುಂದೆ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ಹಿರಿಯರ ಮಾತು. ಪ್ರೌಢಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷಗಳ ಕಾಲ ಗಣಿತವನ್ನು ಬೋಧಿಸಿ 2014ರಲ್ಲಿ ನಿವೃತ್ತರಾದ ಮೇಷ್ಟರೊಬ್ಬರಿಗೆ ಕೋಶ ಓದುವ ಭಾಗ್ಯವೇನೋ ಬೇಕಾದಷ್ಟು ದೊರೆತಿತ್ತು. ದೇಶ ಸುತ್ತುವ ಭಾಗ್ಯ ಒದಗಿ ಬಂದದ್ದು ಮಾತ್ರ ಎಪ್ಪತ್ತರ ಹೊಸ್ತಿಲಿನಲ್ಲಿ. ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್ ನಗರದಲ್ಲಿ ಮಗಳು ಸಂಶೋಧನಾನಿರತಳಾಗಿದ್ದಳು. ಅವಳ ಒತ್ತಾಯಕ್ಕೆ ಮಣಿದು, 2023ರ ಜೂನ್ ತಿಂಗಳ ಕೊನೆಯಲ್ಲಿ ಅವರು ಪತ್ನೀಸಮೇತರಾಗಿ ಆ ದೂರದ ಉತ್ತರದ ನಗರವನ್ನು ತಲುಪಿದರು.

ಆ ನಗರದ ಬೇಸಗೆ ನಮ್ಮ ಕಡೆಯವರು ಊಹಿಸುವ ಬೇಸಗೆಯಲ್ಲ. ಅಲ್ಲಿ ಬಿಸಿಲು ಸುಡುವುದಿಲ್ಲ. ಆದರೆ ಮುಗಿಯುವುದೂ ಇಲ್ಲ. ರಾತ್ರಿ ಹತ್ತು ಗಂಟೆಯಾದರೂ ಪಡುವಣದಲ್ಲಿ ಸೂರ್ಯನಿರುತ್ತಾನೆ. ಮುಳುಗಿದ ಮೇಲೂ ಆಕಾಶ ಪೂರ್ತಿ ಕಪ್ಪಾಗದೆ ನಸುನೀಲಿಯಾಗಿಯೇ ಉಳಿದು, ಮೂರೂವರೆಯ ಸುಮಾರಿಗೆ ಮತ್ತೆ ಬೆಳಗಾಗಿಬಿಡುತ್ತದೆ. ಮೊದಲ ದಿನ ಮೇಷ್ಟರ ಮಡದಿ ಕಿಟಕಿಯ ಬೆಳಕನ್ನು ಕಂಡು ಹೊತ್ತಾಯಿತೆಂದು ಗಾಬರಿಯಿಂದ ಎದ್ದು, ಮಿಂದು, ಕಾಫಿ ಕಾಸಿ ಎಲ್ಲರನ್ನೂ ಎಬ್ಬಿಸಿದಾಗ ಗಡಿಯಾರದಲ್ಲಿ ನಾಲ್ಕೂ ಕಾಲು. ಹೊತ್ತನ್ನು ತಿಳಿಯಲು ಕಣ್ಣನ್ನು ನಂಬಬಾರದು, ಗಡಿಯಾರವನ್ನೇ ನಂಬಬೇಕು ಎಂಬ ಮೊದಲ ಪಾಠವನ್ನು ಆ ಕುಟುಂಬ ಹೀಗೆ ಕಲಿಯಿತು.

ಸ್ಟಾಕ್‌ಹೋಮ್ ಹದಿನಾಲ್ಕು ದ್ವೀಪಗಳ ಮೇಲೆ ಹಬ್ಬಿದ ನಗರ. ಮೇಲಾರೆನ್ ಎಂಬ ವಿಶಾಲ ಸರೋವರದ ಸಿಹಿನೀರು ಬಾಲ್ಟಿಕ್ ಸಮುದ್ರವನ್ನು ಸೇರುವ ಸ್ಥಳವೇ ಅದರ ಹೃದಯ. ಯಾವ ಬೀದಿಯಲ್ಲಿ ನಡೆದರೂ ಕೊನೆಗೆ ನೀರು ಕಾಣುತ್ತದೆ. ನೆಲದ ಮೇಲೆ ಸೇತುವೆಗಳು, ನೀರಿನ ಮೇಲೆ ದೋಣಿಗಳು, ನೆಲದ ಕೆಳಗೆ ರೈಲು. ಬಂಡೆಯನ್ನು ಕೊರೆದು ಮಾಡಿದ ಸುರಂಗ ನಿಲ್ದಾಣಗಳಲ್ಲಿ ಗೋಡೆ ಚಾವಣಿಗಳಿಗೆಲ್ಲ ಕಲಾವಿದರು ಚಿತ್ರ ಬರೆದಿದ್ದಾರೆ. ಕೇಂದ್ರ ನಿಲ್ದಾಣದಲ್ಲಿ ಬಿಳಿಯ ಬಂಡೆಯ ಮೇಲೆ ನೀಲಿ ಬಳ್ಳಿಗಳು ಹಬ್ಬಿವೆ. ಜೊತೆಗೆ ಆ ನಿಲ್ದಾಣವನ್ನು ಕಟ್ಟಿದ ಕೆಲಸಗಾರರ ನೆರಳುರೂಪಗಳೂ ಇವೆ. ಕಟ್ಟಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತುವುದನ್ನು ಎಲ್ಲೆಡೆ ಕಂಡಿದ್ದ ಮೇಷ್ಟರಿಗೆ, ಕಟ್ಟಿದವರ ರೂಪವನ್ನು ಗೋಡೆಯ ಮೇಲೆ ಕಂಡು ಸಂತೋಷವಾಯಿತು.

ಹಳೆಯ ಪಟ್ಟಣವನ್ನು ಅಲ್ಲಿನವರು ಗಾಮ್ಲಾ ಸ್ತಾನ್ ಎನ್ನುತ್ತಾರೆ. ಕೇವಲ ತೊಂಬತ್ತು ಸೆಂಟಿಮೀಟರಿನಷ್ಟು ಕಿರಿದಾಗುವ ಓಣಿಯೂ ಅಲ್ಲುಂಟು. ಎದುರಿನಿಂದ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು. ಅದರ ನಡುವಿನ ಚೌಕದಲ್ಲಿ ಕೆಂಪು, ಹಳದಿ ಬಣ್ಣದ ಎತ್ತರದ ಮನೆಗಳ ಮುಂದೆ ಪ್ರವಾಸಿಗರು ಕುಳಿತು ನಗುನಗುತ್ತ ಬಿಸಿಲು ಕಾಯಿಸುತ್ತಿದ್ದರು. ಅದೇ ಚೌಕದಲ್ಲಿ 1520ರ ನವೆಂಬರಿನಲ್ಲಿ ಡೆನ್ಮಾರ್ಕಿನ ದೊರೆ ಎರಡನೆಯ ಕ್ರಿಶ್ಚಿಯನ್ ಎಂಬತ್ತಕ್ಕೂ ಹೆಚ್ಚು ಜನರ ಶಿರಚ್ಛೇದ ಮಾಡಿಸಿದನು. ಹತರಾದವರಲ್ಲಿ ಒಬ್ಬನ ಮಗನಾದ ಗುಸ್ತಾವ್ ವಾಸಾ ದಂಗೆಯೆದ್ದು, 1523ರಲ್ಲಿ ಸ್ವೀಡನ್ನಿನ ಸಿಂಹಾಸನವನ್ನೇರಿದನು. ಅದೇ ಚೌಕದ ಒಂದು ಬದಿಯಲ್ಲಿ ನೊಬೆಲ್ ಬಹುಮಾನದ ವಸ್ತುಸಂಗ್ರಹಾಲಯವಿದೆ. ರಕ್ತ ಹರಿದ ಕಲ್ಲುಹಾಸಿನ ಪಕ್ಕದಲ್ಲಿಯೇ ಜ್ಞಾನಕ್ಕೂ ಶಾಂತಿಗೂ ಗೌರವ. ಸರ್ ಸಿ. ವಿ. ರಾಮನ್ನರು 1930ರ ಡಿಸೆಂಬರಿನಲ್ಲಿ ಇದೇ ನಗರಕ್ಕೆ ಬಂದು ಭೌತಶಾಸ್ತ್ರದ ಬಹುಮಾನವನ್ನು ಸ್ವೀಕರಿಸಿದ್ದರು. ಮುಂದೆ 1933ರಿಂದ ಬೆಂಗಳೂರಿನವರೇ ಆದರು. ಪ್ರತಿವರ್ಷ ವಿಜ್ಞಾನ ದಿನದಂದು ಮಕ್ಕಳಿಗೆ ಈ ಕಥೆಯನ್ನು ಹೇಳಿದ್ದ ಮೇಷ್ಟರು, ತಾವು ಕಾಣದೆಯೇ ವರ್ಣಿಸಿದ್ದ ನಗರವನ್ನು ಕಣ್ಣಾರೆ ಕಾಣುತ್ತ ಬಹಳ ಹೊತ್ತು ಅಲ್ಲಿ ನಿಂತರು.

ಮರುದಿನ ನಗರಸಭಾ ಭವನ. ಎಂಬತ್ತು ಲಕ್ಷ ಇಟ್ಟಿಗೆಗಳಿಂದ ಕಟ್ಟಿದ, 106 ಮೀಟರ್ ಎತ್ತರದ ಗೋಪುರವುಳ್ಳ ಆ ಭವನ, ಗುಸ್ತಾವ್ ವಾಸಾ ನಗರವನ್ನು ಪ್ರವೇಶಿಸಿದ ನಾಲ್ಕು ನೂರು ವರ್ಷಗಳ ನೆನಪಿಗೆ 1923ರಲ್ಲಿ ಉದ್ಘಾಟನೆಯಾಯಿತು. ನೊಬೆಲ್ ಔತಣ ನಡೆಯುವ ಅದರ ದೊಡ್ಡ ಅಂಗಣಕ್ಕೆ ‘ನೀಲಿ ಸಭಾಂಗಣ’ವೆಂದು ಹೆಸರು. ಒಳಹೊಕ್ಕು ನೋಡಿದರೆ ನೀಲಿಯ ಸುಳಿವೇ ಇಲ್ಲ. ಗೋಡೆಗಳೆಲ್ಲ ಇಟ್ಟಿಗೆಯ ಕೆಂಪು! ವಾಸ್ತುಶಿಲ್ಪಿ ರಾಗ್ನಾರ್ ಓಸ್ಟ್‌ಬೆರಿ ಆ ಗೋಡೆಗಳಿಗೆ ನೀಲಿಯನ್ನು ಉದ್ದೇಶಿಸಿದ್ದನಂತೆ. ಎದ್ದುನಿಂತ ಇಟ್ಟಿಗೆಯ ಚೆಲುವನ್ನು ಕಂಡಾಗ ಮನಸ್ಸು ಬದಲಾಯಿಸಿ ಹಾಗೆಯೇ ಬಿಟ್ಟನು; ಹೆಸರು ಮಾತ್ರ ಉಳಿದುಕೊಂಡಿತು. ಮಾರ್ಗದರ್ಶಿಯ ಈ ವಿವರಣೆಗೆ ಎಲ್ಲರೂ ನಕ್ಕರು. ಮೇಷ್ಟರೂ ನಕ್ಕರು. ಬರೆದದ್ದನ್ನು ಒರೆಸುವುದು ಇಷ್ಟು ಸುಲಭವೇ ಎಂಬ ಪ್ರಶ್ನೆಯೊಂದು ಮಾತ್ರ ಅವರ ಮನಸ್ಸಿನ ಮೂಲೆಯಲ್ಲಿ ಸುಳಿದು ಹೋಯಿತು.

ಆ ಪ್ರಶ್ನೆ ಮತ್ತೆ ಎದುರಾದದ್ದು ಮೂರನೆಯ ದಿನ. ಅಂದು ಪುಟ್ಟ ಹಡಗೊಂದರಲ್ಲಿ ನೀರನ್ನು ದಾಟಿ ಯೂರ್‌ಗೋರ್ಡೆನ್ ದ್ವೀಪಕ್ಕೆ ಹೋದರು. ಅಲ್ಲಿ ‘ವಾಸಾ’ ಎಂಬ ಹಡಗಿನ ವಸ್ತುಸಂಗ್ರಹಾಲಯವಿದೆ. ಬಾಗಿಲು ದಾಟಿದೊಡನೆ ಮಂದಬೆಳಕಿನಲ್ಲಿ ಬೆಟ್ಟದಂತೆ ನಿಂತ ಕಪ್ಪು ಮರದ ಹಡಗು ಕಾಣುತ್ತದೆ. ಉದ್ದ 69 ಮೀಟರ್. ತಳದಿಂದ ಪಟಸ್ತಂಭದ ತುದಿಯವರೆಗೆ ಎತ್ತರ 52 ಮೀಟರಿಗೂ ಮಿಗಿಲು. ಹಿಂಭಾಗದ ತುಂಬ ಸಿಂಹಗಳು, ವೀರರು, ದೇವತೆಗಳು, ನೂರಾರು ಕೆತ್ತನೆಗಳು. ಇಂಥ ಹಡಗು ಯಾವ ಯುದ್ಧವನ್ನು ಗೆದ್ದಿತೆಂದು ಮೇಷ್ಟರು ಕೇಳಿದರು.

“ಯಾವುದನ್ನೂ ಗೆಲ್ಲಲಿಲ್ಲ ಅಪ್ಪಾಜಿ. ಹೊರಟ ದಿನವೇ ಮುಳುಗಿತು” ಎಂದಳು ಮಗಳು.

ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್ ತನ್ನ ಯುದ್ಧಗಳಿಗಾಗಿ ಕಟ್ಟಿಸಿದ ಹಡಗು ಅದು. ಎರಡು ಅಂತಸ್ತುಗಳಲ್ಲಿ ಭಾರವಾದ ಫಿರಂಗಿಗಳು, ಒಟ್ಟು ಅರವತ್ತನಾಲ್ಕು. 1628ರ ಆಗಸ್ಟ್ 10ರಂದು, ದಂಡೆಯಲ್ಲಿ ನೆರೆದ ಜನರ ಕಣ್ಣೆದುರಿನಲ್ಲಿಯೇ ಹಾಯಿ ಬಿಚ್ಚಿ ಹೊರಟಿತು. ಒಂದು ಗಾಳಿ ಬೀಸಿತು, ಓಲಿತು, ಎದ್ದಿತು. ಇನ್ನೊಂದು ಗಾಳಿಗೆ ಮತ್ತಷ್ಟು ಓಲಿತು. ತೆರೆದಿದ್ದ ಕೆಳಗಿನ ಫಿರಂಗಿಕಿಂಡಿಗಳಿಂದ ನೀರು ನುಗ್ಗಿತು. ಸುಮಾರು 1,300 ಮೀಟರ್ ಸಾಗಿದ ಹಡಗು ಮೂವತ್ತರಷ್ಟು ಜೀವಗಳೊಡನೆ ತಳ ಸೇರಿತು. ಕಾರಣ ಗಣಿತದ ಮೇಷ್ಟರಿಗೆ ಹೇಳಿಕೊಡಬೇಕಾದುದಲ್ಲ. ಮೇಲ್ಭಾಗದ ಭಾರ ಹೆಚ್ಚು, ನೀರಿನೊಳಗಿನ ಒಡಲು ಕಿರಿದು, ತಳದಲ್ಲಿ ತುಂಬಿದ ಕಲ್ಲಿನ ಭಾರ ಸಾಲದು; ಗುರುತ್ವ ಕೇಂದ್ರ ಎಲ್ಲಿರಬೇಕಾಗಿತ್ತೋ ಅದಕ್ಕಿಂತ ಮೇಲೆ ನಿಂತಿತ್ತು. ಹಡಗಿನೊಳಗೆ ಬಡಗಿಗಳ ನಾಲ್ಕು ಅಳತೆಗೋಲುಗಳೂ ದೊರೆತಿವೆ. ಎರಡರಲ್ಲಿ ಅಡಿಗೆ ಹನ್ನೆರಡು ಅಂಗುಲ, ಇನ್ನೆರಡರಲ್ಲಿ ಹನ್ನೊಂದು! ಅಳತೆಯೇ ಎರಡಾದ ಮೇಲೆ ಎಡಬಲಗಳು ಸಮವಾಗುವುದು ಹೇಗೆ?

ಆದರೆ ಮೇಷ್ಟರನ್ನು ನಿಲ್ಲಿಸಿದ್ದು ಈ ಲೆಕ್ಕವಲ್ಲ. ಮಗಳು ಆಮೇಲೆ ಹೇಳಿದ ಸಂಗತಿ. ಹೊರಡುವ ಮುನ್ನವೇ ಹಡಗನ್ನು ಪರೀಕ್ಷಿಸಿದ್ದರು. ದಂಡೆಗೆ ಕಟ್ಟಿದ್ದಂತೆಯೇ ಮೂವತ್ತು ಜನ ನಾವಿಕರು ಮೇಲ್ತಟ್ಟಿನಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಒಟ್ಟಾಗಿ ಓಡಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಮಗುಚುವಂತೆ ತೂಗಾಡಿತು. ನೌಕಾಪಡೆಯ ಉಪಸೇನಾಧಿಪತಿ ಕ್ಲಾಸ್ ಫ್ಲೆಮಿಂಗ್ ಅಲ್ಲಿಯೇ ಇದ್ದನು. ಅವನು ಓಟವನ್ನು ನಿಲ್ಲಿಸಿದನೇ ಹೊರತು ಹಡಗನ್ನು ನಿಲ್ಲಿಸಲಿಲ್ಲ. ದೊರೆ ದೂರದ ರಣರಂಗದಿಂದ ತ್ವರೆಮಾಡುತ್ತಿದ್ದನು. ಹಡಗಿನ ಅಳತೆಗಳಿಗೆ ಅವನದೇ ಒಪ್ಪಿಗೆಯಿತ್ತು. ತಪ್ಪಿದೆಯೆಂದು ಹೇಳುವವರಾರು? ಮುಳುಗಿದ ಮೇಲೆ ವಿಚಾರಣೆ ನಡೆಯಿತು. ಯಾರ ತಪ್ಪೆಂಬುದನ್ನು ದೇವರೊಬ್ಬನೇ ಬಲ್ಲನೆಂಬ ಉತ್ತರವೂ ಬಂದಿತು. ಯಾರಿಗೂ ಶಿಕ್ಷೆಯಾಗಲಿಲ್ಲ.

“ತಾಳೆ ನೋಡಿದ್ದಾರೆ, ಸರಿಹೊಂದಲಿಲ್ಲ, ಆದರೂ ಮುಂದೆ ಹೋಗಿದ್ದಾರೆ” ಎಂದು ಮೇಷ್ಟರು ತಮ್ಮಷ್ಟಕ್ಕೆ ತಾವೇ ನುಡಿದರು. ಆ ಮಾತು ಬಾಯಿಂದ ಹೊರಬಿದ್ದೊಡನೆ ಅವರಿಗೆ ಎಂದೋ ಒಬ್ಬ ಹುಡುಗ ಇದೇ ಮಾತನ್ನು ಆಡಿದ್ದು ನೆನಪಾಯಿತು.

ಅದು 1986ನೆಯ ಇಸವಿ. ಎಂಟನೆಯ ತರಗತಿ. ಹಿಂದಿನ ಬೆಂಚಿನಲ್ಲಿ ಶಾಲಾ ತನಿಖೆಗೆ ಬಂದ ಅಧಿಕಾರಿಗಳು ಪಾಠಟಿಪ್ಪಣಿಯನ್ನು ತಿರುವುತ್ತ ಕುಳಿತಿದ್ದರು. ಮೂವತ್ತೆರಡರ ಹರೆಯದ ಮೇಷ್ಟರು ಕರಿಹಲಗೆಯ ಮೇಲೆ ಒಂದು ಸಮೀಕರಣವನ್ನು ಬಿಡಿಸಿ ಉತ್ತರ ಎರಡೆಂದು ಬರೆದರು. ಮೂರನೆಯ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಸಾರ್, ತಾಳೆ ನೋಡಿದರೆ ಸರಿಹೋಗುವುದಿಲ್ಲ” ಎಂದನು. ಮೇಷ್ಟರ ಮುಖ ಕೆಂಪೇರಿತು. “ಮೊದಲು ನಿನ್ನ ಲೆಕ್ಕ ಸರಿಮಾಡಿಕೊ, ಕುಳಿತುಕೋ” ಎಂದು ಗದರಿದರು. ತರಗತಿ ನಕ್ಕಿತು. ಕುಳಿತ ಹುಡುಗನ ಕಡೆಗೆ ಬೆನ್ನು ತಿರುಗಿಸಿ ಹಲಗೆಯನ್ನು ನೋಡಿದಾಗ, ಸಮಚಿಹ್ನೆಯನ್ನು ದಾಟಿದ ಐದರ ಚಿಹ್ನೆ ಬದಲಾಗದೆ ಹಾಗೆಯೇ ಇದ್ದುದು ಅವರ ಕಣ್ಣಿಗೆ ಬಿತ್ತು. ತಪ್ಪು ಅವರದೇ. ಏನೂ ಆಗದವರಂತೆ ಹಲಗೆಯನ್ನು ಒರೆಸಿ ಮುಂದಿನ ಲೆಕ್ಕವನ್ನು ಬರೆದರು. ತನಿಖಾಧಿಕಾರಿಗಳು ಪಾಠ ಚೆನ್ನಾಗಿತ್ತೆಂದು ಬರೆದು ಹೋದರು. ಆ ಹುಡುಗ ಆಮೇಲೆ ಶಾಲೆ ಬಿಡುವವರೆಗೂ ಗಣಿತದ ತರಗತಿಯಲ್ಲಿ ಕೈಯೆತ್ತಲಿಲ್ಲ. ಈಗ ಅದೇ ಊರಿನ ಪೇಟೆಯಲ್ಲಿ ಅವನದೊಂದು ಕಿರಾಣಿ ಅಂಗಡಿ. ಮೇಷ್ಟರು ಹಾದುಹೋದಾಗಲೆಲ್ಲ ತಪ್ಪದೆ ಎದ್ದುನಿಂತು ಕೈಮುಗಿಯುತ್ತಾನೆ. ಆ ಕೈಮುಗಿತವನ್ನು ಇಷ್ಟು ವರ್ಷ ಸ್ವೀಕರಿಸುತ್ತಲೇ ಬಂದಿದ್ದರು.

ಸಂಗ್ರಹಾಲಯದ ಮುಂದಿನ ಅಂತಸ್ತುಗಳಲ್ಲಿ ಹಡಗು ಮೇಲೆದ್ದು ಬಂದ ಕಥೆಯಿದೆ. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪಿನಂಶ ಕಡಿಮೆ. ಮರ ಕೊರೆಯುವ ಸಮುದ್ರದ ಹುಳು ಅಲ್ಲಿ ಬಾಳಲಾರದು. ಆದುದರಿಂದ ಮೂರು ಶತಮಾನಗಳು ಕಳೆದರೂ ಮರ ಉಳಿದಿತ್ತು. 1956ರಲ್ಲಿ ಆಂಡರ್ಸ್ ಫ್ರಾನ್ಸೇನ್ ಎಂಬಾತ, ದೋಣಿಯಿಂದ ಇಳಿಬಿಟ್ಟ ಸಾಧನದ ತುದಿಯಲ್ಲಿ ಕಚ್ಚಿಕೊಂಡು ಬಂದ ಕಪ್ಪು ಓಕ್ ಮರದ ಚೂರಿನಿಂದ ಹಡಗಿನ ಸ್ಥಳವನ್ನು ಗುರುತಿಸಿದನು. ಮುಳುಗುಗಾರರು ಕತ್ತಲೆಯಲ್ಲಿ, ಕೆಸರಿನಲ್ಲಿ, ಹಡಗಿನಡಿ ಆರು ಸುರಂಗಗಳನ್ನು ಕೊರೆದು ಉಕ್ಕಿನ ಹಗ್ಗಗಳನ್ನು ತೂರಿಸಿದರು. 1961ರ ಏಪ್ರಿಲ್ 24ರಂದು ಹಡಗು ಮತ್ತೆ ಬೆಳಕು ಕಂಡಿತು. ಒಣಗಿದರೆ ಮರ ಬಿರಿಯುತ್ತದೆಂದು, ಪಾಲಿಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಹದಿನೇಳು ವರ್ಷಗಳ ಕಾಲ ಅದರ ಮೇಲೆ ಸಿಂಪಡಿಸಿದರು. 1990ರಲ್ಲಿ ಈ ಭವನ ತೆರೆಯಿತು. ಮೇಷ್ಟರು ಇದನ್ನೆಲ್ಲ ನಿಧಾನವಾಗಿ ನೋಡಿದರು. ಮುಳುಗಿದ್ದು ಕೆಲವು ನಿಮಿಷಗಳಲ್ಲಿ. ಎತ್ತಿ ಉಳಿಸಿಕೊಳ್ಳಲು ಹಿಡಿದದ್ದು ದಶಕಗಳು. ಒಂದು ರಾಜ್ಯ ತನ್ನ ಅತಿ ದೊಡ್ಡ ಅವಮಾನವನ್ನು ಮುಚ್ಚಿಡದೆ, ಬಲ್ಲವರ ಕೈಯಲ್ಲಿ ಒರೆಸಿ ತೊಳೆದು, ಲೋಕದ ಮಕ್ಕಳಿಗೆಲ್ಲ ತೋರಿಸುತ್ತಿದೆ. ಅಂದೂ ಶಾಲಾಮಕ್ಕಳ ಗುಂಪೊಂದು ಹಡಗಿನ ಮುಂದೆ ನೆಲದ ಮೇಲೆ ಕುಳಿತಿತ್ತು. ಅವರ ಶಿಕ್ಷಕಿ ಏನೋ ಕೇಳುತ್ತಿದ್ದಳು. ಹತ್ತಾರು ಕೈಗಳು ಮೇಲೆದ್ದಿದ್ದವು.

ಹೊರಗೆ ನೀರಿನ ದಂಡೆಯ ಕಲ್ಲುಬೆಂಚಿನ ಮೇಲೆ ಕುಳಿತಾಗ ಮೇಷ್ಟರು 1986ರ ಸಂಗತಿಯನ್ನು ಹೆಂಡತಿಗೂ ಮಗಳಿಗೂ ಹೇಳಿದರು. ಮೂವತ್ತೇಳು ವರ್ಷಗಳಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಡದಿ ಸುಮ್ಮನಿದ್ದರು. ಮಗಳು ಎದ್ದುಹೋಗಿ ಸಂಗ್ರಹಾಲಯದ ಅಂಗಡಿಯಿಂದ ಹಡಗಿನ ಚಿತ್ರವಿದ್ದ ಅಂಚೆಕಾರ್ಡೊಂದನ್ನು ತಂದು, ಲೇಖನಿಯನ್ನು ಅವರ ಕೈಗೆ ಕೊಟ್ಟಳು.

ಮೇಷ್ಟರು ಬಹಳ ಯೋಚಿಸಿ ಬರೆದದ್ದು ಮೂರೇ ಸಾಲು: ಈ ಹಡಗು ಮುಳುಗಿದ್ದು ತಾಳೆ ನೋಡಿದವರ ಮಾತನ್ನು ಲೆಕ್ಕಿಸದ್ದರಿಂದ. ನಮ್ಮ ತರಗತಿಯಲ್ಲಿ ಅಂದು ತಾಳೆ ನೋಡಿದವನು ನೀನೊಬ್ಬನೇ. ತಪ್ಪು ನನ್ನದಾಗಿತ್ತು.

ಆಗಸ್ಟಿನಲ್ಲಿ ಊರಿಗೆ ಹಿಂದಿರುಗಿದ ಮೇಲೆ ಅವರು ಪೇಟೆಯ ಕಡೆಗೆ ಹೋಗಲು ಎರಡು ವಾರ ಹಿಂಜರಿದರು. ಕೊನೆಗೊಂದು ಸಂಜೆ ಹೋದರು. ಅಂಗಡಿಯಾತ ಎಂದಿನಂತೆ ಎದ್ದುನಿಂತು ಕೈಮುಗಿದನು. ಗಲ್ಲದ ಮೇಜಿನ ಗಾಜಿನಡಿಯಲ್ಲಿ ಆ ಕಪ್ಪು ಹಡಗಿನ ಚಿತ್ರವಿತ್ತು. ಅವನು ಕಾರ್ಡಿನ ವಿಷಯ ಎತ್ತಲಿಲ್ಲ. ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿ, ಸಾಮಾನಿನ ಚೀಟಿಯೊಂದರ ಹಿಂಬದಿಯಲ್ಲಿ ಏನನ್ನೋ ಬರೆಯತೊಡಗಿದನು. ಒಂದು ಸಂಖ್ಯೆಯ ಮೂರರಷ್ಟರಿಂದ ಐದನ್ನು ಕಳೆದರೆ, ಆ ಸಂಖ್ಯೆಗೆ ಒಂಬತ್ತನ್ನು ಕೂಡಿಸಿದಷ್ಟೇ ಬರುತ್ತದೆ. ಹಾಗಾದರೆ ಆ ಸಂಖ್ಯೆ ಯಾವುದು? ಮೇಷ್ಟರಿಗೆ ತಪ್ಪಿನ ನೆನಪಿತ್ತು, ಲೆಕ್ಕದ ನೆನಪಿರಲಿಲ್ಲ. ಅವನಿಗೆ ಒಂದೊಂದು ಅಂಕಿಯೂ ನೆನಪಿತ್ತು.

“ಏಳು ಅಲ್ಲವೇ ಸಾರ್?” ಎಂದು ಚೀಟಿಯನ್ನು ಮುಂದಿಟ್ಟನು.

ಮೇಷ್ಟರು ಕನ್ನಡಕ ಏರಿಸಿಕೊಂಡು, ಅವನ ಲೇಖನಿಯನ್ನೇ ತೆಗೆದುಕೊಂಡು, ಸಾಲುಸಾಲಾಗಿ ತಾಳೆ ನೋಡಿದರು. ಎರಡೂ ಕಡೆ ಹದಿನಾರು ಬಂದಿತು. ಉತ್ತರದ ಪಕ್ಕದಲ್ಲಿ ಸರಿಗುರುತು ಹಾಕಿ, ಕೆಳಗೆ ತಮ್ಮ ರುಜುವನ್ನೂ ಅಂದಿನ ತಾರೀಖನ್ನೂ ಬರೆದುಕೊಟ್ಟರು.